ಕಾಗೆ ಕೊಡದ ಹಲ್ಲು

ಸೆವ್ಲಿಯೆವೊ
ಜೂನ್ 12, 1994, ಭಾನುವಾರ

ಪ್ರೀತಿಯ ಮಗಳು ಝೋರಾಗೆ,

ಮೊದಲು ನಿನ್ನ ಮೈ ಹೇಗಿದೆ ಹೇಳು. ಹೋಟೆಲಿನ ಅಡುಗೆಮನೆಯಲ್ಲಿ ನಿಂತೂ ನಿಂತೂ ಕಾಲು ಊದುತ್ತದೆ ಎಂದು ಬರೆದಿದ್ದೆಯಲ್ಲ, ಸಂಜೆ ಕೆಲಸ ಮುಗಿದ ಮೇಲೆ ಸಮುದ್ರಕ್ಕಿಳಿದು ಮಂಡಿ ಮುಳುಗುವ ತನಕ ನಿಲ್ಲು, ಉಪ್ಪುನೀರು ಊತ ಎಳೆಯುತ್ತದೆ. ಜರ್ಮನಿಯಿಂದ ಬಂದವರಿಗೆ ಆಲೂಗೆಡ್ಡೆ ಸುಲಿಯುತ್ತಾ ಬೆರಳು ಸುಲಿದುಕೊಳ್ಳಬೇಡ. ಇಲ್ಲಿ ನಾವೆಲ್ಲ ಕ್ಷೇಮ. ಅಳಿಯ ಇವೊ ಲಾರಿ ತೆಗೆದುಕೊಂಡು ಪೋಲೆಂಡಿನ ಕಡೆ ಹೋದವನು ಇನ್ನೂ ತಿರುಗಿಲ್ಲ. ನಿನ್ನಮ್ಮನ ಸೊಂಟ ನೋವು ಕಡಿಮೆಯಾಗಿದೆ, ನನ್ನ ಮೇಲಿನ ಕೋಪ ಇಳಿದಿಲ್ಲ. ಮೊನ್ನೆ ಅವಳ ಉಪ್ಪಿನ ಡಬ್ಬಿಗೆ ಸಕ್ಕರೆ ಸುರಿದಿಟ್ಟಿದ್ದೆ. ಗಿಣ್ಣು ತುಂಬಿ ಬೇಯಿಸಿದ ಬನಿತ್ಸಾ ರೊಟ್ಟಿ ಸಿಹಿಯಾಯಿತು, ನಿನ್ನ ಮಕ್ಕಳಿಬ್ಬರೂ ಕಿತ್ತಾಡಿಕೊಂಡು ತಿಂದರು, ಅವಳು ಮಾತ್ರ ನನ್ನ ಜೊತೆ ಮಾತು ಬಿಟ್ಟಳು. ಒಂದೇ ಕಲ್ಲಿಗೆ ಎರಡು ಸುಖ.

ಈಗ ಹಲ್ಲಿನ ವಿಷಯ. ನೆನಾಳ ಕೆಳದವಡೆಯಲ್ಲಿ ಬಲಗಡೆಯ ಕಟ್ಟಕಡೆಯ ಹಲ್ಲಿನ ಮೇಲೆ ಎಳ್ಳಿನಷ್ಟು ಕಪ್ಪು ಕಂಡಿತ್ತು ಎಂದು ಹಿಂದಿನ ಪತ್ರದಲ್ಲಿ ಬರೆದಿದ್ದೆ. ಎಳ್ಳು ಈಗ ಮೆಣಸಿನಕಾಳಾಗಿದೆ. ರೊಟ್ಟಿಯನ್ನು ಎಡಗಡೆಯೇ ಅಗಿಯುತ್ತಾಳೆ, ಕೆನ್ನೆ ಒತ್ತಿಕೊಂಡು ಮಲಗುತ್ತಾಳೆ. ತಮ್ಮನಿಗೆ ಅವಳ ಮೇಲೆ ಹೊಟ್ಟೆಕಿಚ್ಚು. ಯಾಸೆನನಿಗೆ ನಾಲ್ಕು ವರ್ಷ, ಬಾಯಿ ಕನ್ನಡಿಯ ಹಾಗಿದೆ, ಆದರೂ "ನಂಗೂ ಒಂದು ಹುಳುಕು ಬೇಕು" ಅಂತ ರಚ್ಚೆ. ನಿನ್ನ ಅಪ್ಪಣೆ ಕೆಳಗೆರೆ ಎಳೆದುಕೊಂಡು ಬಂದಿತ್ತು: ಮೀನಿನ ತೊಟ್ಟಿ ಇಟ್ಟಿರುವ ಹೊಸ ಡಾಕ್ಟರ ಹತ್ತಿರವೇ ಕರೆದುಕೊಂಡು ಹೋಗು, ಸರ್ಕಾರಿ ಆಸ್ಪತ್ರೆಯ ವಾರ್ಬಾನೊವಾಳ ನೆರಳೂ ನನ್ನ ಮಕ್ಕಳ ಮೇಲೆ ಬೀಳಕೂಡದು. ಸರಿ, ಮಗಳ ಮಾತು ಎಂದು ಒಪ್ಪಿದೆ. ಆದರೆ ನಾನು ಸಹಕಾರಿ ಫಾರ್ಮಿನ ಲಾಯದಲ್ಲಿ ತಲೆ ಬೆಳ್ಳಗಾಗುವ ತನಕ ಕುದುರೆಗಳ ಬಾಯಿಗೆ ಕೈ ಹಾಕಿದವನು. ಮುದಿ ಕುದುರೆಯ ಹಲ್ಲಿಗೆ ಅರ ಹಾಕಿ ಉಜ್ಜಿ, ಹರೆಯದ್ದು ಎಂದು ಸಂತೆಯಲ್ಲಿ ಮಾರುವವರನ್ನು ಎಷ್ಟು ಜನರನ್ನು ಕಂಡಿಲ್ಲ! ಅಂದಿನಿಂದ ಹಲ್ಲು ತೋರಿಸಿ ನಗುವವರನ್ನು ಕಂಡರೆ ನನ್ನ ಕೈ ಜೇಬಿಗೆ ಹೋಗುತ್ತದೆ.

ಹಾಗಾಗಿ ಮಗುವನ್ನು ಕರೆದೊಯ್ಯುವ ಮೊದಲು ನಾನೊಬ್ಬನೇ ಹೋಗಿ, ಆ ಡಾಕ್ಟರ್ ಹಾಜಿಯೆವನ ಬಾಗಿಲಿನ ಎದುರು ಬೆಂಚಿನ ಮೇಲೆ ಕೂತೆ. ಸೂರ್ಯಕಾಂತಿ ಬೀಜ ಒಡೆದು ಸಿಪ್ಪೆ ಉಗಿಯುತ್ತಾ ಒಂದು ಬೆಳಿಗ್ಗೆಯೆಲ್ಲ ಕಾವಲು ಕಾದೆ. ಮಕ್ಕಳು ಒಳಗೆ ಹೋದರು, ಹೊರಗೆ ಬಂದರು. ಒಂದಾದರೂ ಅಳಲಿ ಎಂದು ಕಾದರೆ ಎಲ್ಲವೂ ನಗುತ್ತಾ ಬಂದವು. ನೀನೇ ಹೇಳು, ಹಲ್ಲಿನ ಡಾಕ್ಟರ ಬಾಗಿಲಿಂದ ನಗುತ್ತಾ ಬರುವುದೆಂದರೆ ಕಟುಕನ ಅಂಗಡಿಯಿಂದ ಕುರಿ ಹಾಡುತ್ತಾ ಬಂದ ಹಾಗಲ್ಲವೇ? ಅದರ ಮೇಲೆ ಪ್ರತಿ ಮಗುವಿನ ಕೈಯಲ್ಲೂ ಒಂದು ಲಾಲಿಪಾಪ್. ಬಿತ್ತುವವನೂ ಅವನೇ, ಕೊಯ್ಯುವವನೂ ಅವನೇ! ಹುಳುಕು ತೆಗೆಯುವವನಿಗೆ ಇಷ್ಟು ಥಳುಕು ಯಾಕೆ ಎಂದು ನಿನ್ನಮ್ಮನನ್ನು ಕೇಳಿದೆ. "ನಿಮಗೆ ಅತ್ತರೂ ಅನುಮಾನ, ನಕ್ಕರೂ ಅನುಮಾನ" ಅಂದಳು. ಮಾತು ಬಿಟ್ಟವಳು ಬೈಯಲಿಕ್ಕಾದರೂ ಬಾಯಿ ಬಿಟ್ಟಳಲ್ಲ ಎಂದು ಸಂತೋಷಪಟ್ಟೆ.

ಮರುದಿನ ನೆನಾಳನ್ನು ಕರೆದುಕೊಂಡು ಹೋದೆ. ಮನುಷ್ಯ ಒಳ್ಳೆಯವನೇ, ಸುಳ್ಳು ಹೇಳುವುದಿಲ್ಲ. ಒಳ್ಳೆಯತನವೇ ಸ್ವಲ್ಪ ಜಾಸ್ತಿ. "ಬಾಮ್ಮಾ ರಾಣಿ, ಮೀನಿಗೆ ಹೆಸರಿಡು" ಅಂದ. ಇವಳು ಮೀನಿಗೆ ನನ್ನ ಹೆಸರಿಟ್ಟಳು. ಕುರ್ಚಿಯ ಮೇಲೆ ಕೂತು ಚಮಚ ಹಿಡಿಸುವಷ್ಟು ಮಾತ್ರ ಬಾಯಿ ತೆರೆದಳು. ಇನ್ನೂ ತೆಗಿ ಅಂತ ಅವನು ಒತ್ತಾಯ ಮಾಡಲಿಲ್ಲ, ಮಕ್ಕಳು ಅಳಬಾರದು ಎಂಬುದು ಅವನ ಧರ್ಮವಂತೆ. ನನ್ನ ಕಡೆ ತಿರುಗಿ, "ಹಾಲುಹಲ್ಲಾ ಅಜ್ಜಾ?" ಅಂದ. ನಾನು ಲಾಯದ ಗತ್ತಿನಲ್ಲಿ, "ಏಳು ವರ್ಷದ ಬಾಯಲ್ಲಿ ಹಾಲುಹಲ್ಲಲ್ದೆ ಇನ್ನೇನು ಮಜ್ಜಿಗೆ ಹಲ್ಲು ಇರತ್ತಾ?" ಅಂದೆ. ಬಿದ್ದು ಬಿದ್ದು ನಕ್ಕ. "ಹಂಗಾದ್ರೆ ಯೋಚ್ನೆ ಬಿಡಿ, ಎಳೆದುಬಿಡೋಣ. ಕಾಗೆ ಹೊಸದು ಕೊಡತ್ತೆ" ಅಂದು, ಇಪ್ಪತ್ತೊಂದನೇ ತಾರೀಕು ಮಂಗಳವಾರ ಬನ್ನಿ ಎಂದು ಕಳಿಸಿದ. ನೆನಾಗೆ ಹಿಗ್ಗೋ ಹಿಗ್ಗು. ಮುಂದಿನ ಹಲ್ಲು ಬಿದ್ದಾಗಲೆಲ್ಲ ಹೆಂಚಿನ ಮೇಲೆಸೆದು, "ಕಾಗೆ ಕಾಗೆ, ಮೂಳೆ ಹಲ್ಲು ತಗೋ, ಕಬ್ಬಿಣದ ಹಲ್ಲು ಕೊಡು" ಅಂತ ಕೂಗಿದ್ದಳು. ಪ್ರತಿ ಸಲವೂ ಮೂಳೆಯದೇ ಬಂತು. "ಕಾಗೆ ಮೋಸಗಾತಿ, ಅಜ್ಜಾ. ಈ ಸಲ ದೊಡ್ಡ ಹಲ್ಲು ಕೊಡ್ತೀನಿ, ಕಬ್ಬಿಣ ಕೊಡದೆ ಎಲ್ಲಿಗೆ ಹೋಗ್ತಾಳೆ ನೋಡ್ತೀನಿ" ಅಂತ ನನ್ನ ಉಕ್ಕಿನ ಹಲ್ಲನ್ನೇ ಆಸೆಯಿಂದ ನೋಡಿದಳು. ಅನುಮಾನ ನಮ್ಮ ರಕ್ತದಲ್ಲೇ ಇದೆ.

ಮನೆಗೆ ಬರುವ ದಾರಿಯಲ್ಲಿ ನನಗೆ ಹೊಳೆದದ್ದು ಏನು ಗೊತ್ತೇ? ಅದು ಹಾಲುಹಲ್ಲು ಎಂದು ಹೇಳಿದವನು ನಾನು, ಡಾಕ್ಟರ್ ಅಲ್ಲ! ಮಾರುವವನ ಮಾತು ಕೇಳಿ ಕುದುರೆಯ ವಯಸ್ಸು ನಂಬುವವನು ಒಂದೋ ಪೆದ್ದ, ಇಲ್ಲವೇ ಅವಸರದವನು. ನನ್ನ ಮಾತನ್ನು ನಿನ್ನಮ್ಮ ನಂಬುವುದಿಲ್ಲ, ಅಂಚೆಯವನು ನಂಬುವುದಿಲ್ಲ, ಈ ಮಹಾರಾಯ ನಂಬಿದನಲ್ಲ! ನನ್ನನ್ನು ನಂಬುವ ಮನುಷ್ಯನನ್ನು ನಾನು ಹೇಗೆ ನಂಬಲಿ?

ಈಗ ಕೈಯಲ್ಲಿರುವ ಚೂರಿ ಕೆಳಗಿಡು, ಪತ್ರ ಹರಿಯಬೇಡ. ನಾವು ವಾರ್ಬಾನೊವಾಳ ಹತ್ತಿರ ಹೋದೆವು. ಅಲ್ಲಿ ಮೀನೂ ಇಲ್ಲ, ಲಾಲಿಪಾಪೂ ಇಲ್ಲ. ಗೋಡೆಯ ಸುಣ್ಣ ಉದುರಿದೆ, ಅದೇ ಹಳೆಯ ಕೊರೆಯುವ ಯಂತ್ರ, ಕೊರಳಿಗೆ ಅದೇ ನೇತಾಡುವ ಕನ್ನಡಕ. ಯಾರ ಮಗು ಅಂದಳು. ನಿನ್ನ ಹೆಸರೆತ್ತಿದರೆ ಬಾಗಿಲು ಹಾಕಿಬಿಟ್ಟಾಳು ಎಂದು, ಪಕ್ಕದ ಮನೆಯದು ಅಂದೆ. ಕನ್ನಡಕ ಏರಿಸಿ ಇಬ್ಬರನ್ನೂ ನೋಡಿ, "ಪಕ್ಕದ ಮನೆ ಮಗೂಗೆ ನಿನ್ನ ಕಿವಿ ಹೆಂಗೆ ಬಂತು, ಗೆಂಚೊ ಅಣ್ಣ? ಬೇಲಿ ಹಾರಿ ಬಂತಾ?" ಅಂದಳು. ಇಷ್ಟು ವರ್ಷ ಊರಿಗೆಲ್ಲ ಟೋಪಿ ಹಾಕಿದವನು ಅಲ್ಲಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತೆ.

ನೆನಾ ತುಟಿ ಹೊಲಿದುಕೊಂಡಿದ್ದಳು. ವಾರ್ಬಾನೊವಾ ಬಾಯಿ ತೆಗಿ ಅನ್ನಲೇ ಇಲ್ಲ. ಕುರ್ಚಿ ಎಳೆದುಕೊಂಡು ಎದುರಿಗೆ ಕೂತು, "ಕಾಗೆಗೆ ಯಾವ್ಯಾವ ಹಲ್ಲು ಕೊಟ್ಟೆ?" ಎಂದು ಕೇಳಿದಳು. ಕಾಗೆಯ ಮೇಲೆ ದೂರು ಹೇಳುವ ಅವಕಾಶ ಸಿಕ್ಕರೆ ಇವಳು ಬಿಟ್ಟಾಳೆಯೇ? ತುಟಿಯೆತ್ತಿ ಮುಂದಿನವನ್ನೆಲ್ಲ ತೋರಿಸಿದಳು. "ಸರಿ. ಆ ಹಿಂದಿನದು ಬರೋ ಮುಂಚೆ ಅಲ್ಲಿ ಯಾವ ಹಲ್ಲು ಬಿತ್ತು?" ಅಂತ ಕೈಗೊಂದು ಪುಟ್ಟ ಕನ್ನಡಿ ಕೊಟ್ಟಳು. ನೆನಾ ತಾನಾಗಿಯೇ ಇಷ್ಟಗಲ ಬಾಯಿ ತೆರೆದು ನೋಡಿಕೊಂಡಳು, ನೆನಪು ಮಾಡಿಕೊಂಡಳು, "ಯಾವ್ದೂ ಬಿದ್ದಿಲ್ಲ" ಅಂದಳು. "ಹಂಗಾದ್ರೆ ಅದನ್ನ ಕಾಗೆ ಕೊಟ್ಟಿಲ್ಲ, ಪುಟ್ಟಿ. ಅದು ಯಾರನ್ನೂ ಕೇಳ್ದೆ ಹಿತ್ತಲ ಬಾಗಿಲಿಂದ ತಾನೇ ಬಂದಿದ್ದು. ಈಗ ಕಿತ್ತು ಎಸೆದ್ರೆ ಕಾಗೆ ತಗೊಂಡ್ ಹೋಗ್ತಾಳೆ, ಬದಲಿಗೆ ಏನೂ ಕೊಡಲ್ಲ. ಸಾಯೋ ತನಕ ಅಲ್ಲಿ ಗೂಡು ಖಾಲಿ."

ನನಗೆ ಆಗಲೂ ಅನುಮಾನ. ಹಲ್ಲು ಕೀಳುವುದರಲ್ಲಿ ಹೆಸರಾದವಳು ಕೀಳಬೇಡ ಅನ್ನುತ್ತಾಳೆಂದರೆ ಇದರಲ್ಲೇನೋ ಇದೆ ಎಂದುಕೊಂಡೆ. ನನ್ನ ಮುಖ ನೋಡಿಯೇ ತಿಳಿದುಕೊಂಡಳು. "ಗೆಂಚೊ ಅಣ್ಣ, ಮರಿಕುದುರೆಗೆ ಹಿಂದಿನ ಅರೆಯೋ ಹಲ್ಲು ಎಷ್ಟು ಸಲ ಬರತ್ತೆ?" ಅಂದಳು. ಒಂದೇ ಸಲ, ಝೋರಾ. ಅವು ಬೀಳುವ ಹಲ್ಲಲ್ಲ, ಬೆಳೆಯುವ ಹಲ್ಲು. ಲಾಯದಲ್ಲಿ ಅಷ್ಟು ಮರಿಗಳ ಬಾಯಿ ನೋಡಿದವನು ಮೊಮ್ಮಗಳ ಬಾಯಿ ನೋಡುವಾಗ ಕಾಗೆಯನ್ನು ನಂಬಿಕೊಂಡು ಕೂತಿದ್ದೆ. ಮಂಗಳವಾರದ ತನಕ ನನಗೆ ಅನುಮಾನ ಹುಟ್ಟದೆ ಹೋಗಿದ್ದರೆ ಮಗುವಿನ ಬಾಳಿನ ಹಲ್ಲು ಹೆಂಚಿನ ಮೇಲಿರುತ್ತಿತ್ತು.

ಕೊರೆದು ಸಿಮೆಂಟು ತುಂಬಿಸಿದರೆ ಹಲ್ಲು ಉಳಿಯುತ್ತದಂತೆ. ಕೊರೆಯುವ ಮಾತು ಬಂದ ಕೂಡಲೇ ನೆನಾ ಕುರ್ಚಿಯಿಂದ ಜಾರಿ ನನ್ನ ಕೋಟಿನೊಳಗೆ ಸೇರಿಕೊಂಡಳು. "ಅಮ್ಮ ಹೇಳಿದಾಳೆ, ನೀವು ಮಾಟಗಾತಿ" ಅಂತ ಅಲ್ಲಿಂದಲೇ ಕೂಗಿದಳು. ನಾನು ಕೆಮ್ಮಿದೆ. ವಾರ್ಬಾನೊವಾ ನಗಲಿಲ್ಲ, ಮುನಿಯಲೂ ಇಲ್ಲ. ತೋರುಬೆರಳು ಚಾಚಿ ಗಾಯದ ಗುರುತು ತೋರಿಸಿ, "ನಿಮ್ಮಮ್ಮನ ಸಹಿ ಇದು. ಅವತ್ತು ಮೂರು ಜನ ಸೇರಿ ಅವಳನ್ನ ಅದುಮಿ ಹಿಡ್ಕೊಂಡಿದ್ವಿ. ಆವಾಗ ಹಂಗೇ ಮಾಡ್ತಿದ್ರು. ಅವಳು ಕಚ್ಚಿದ್ದೇ ಸರಿ. ಈಗ ನಾನು ಯಾರನ್ನೂ ಹಿಡಿಯಲ್ಲ, ಪುಟ್ಟಿ. ನೀನೇ ತೆಗೆದ್ರೆ ಉಂಟು, ಇಲ್ದಿದ್ರೆ ಇಲ್ಲ" ಅಂದಳು. ಮುಂಚೆ ಮಗು ಕನ್ನಡಿ ಹಿಡಿದು ಬಾಯಿ ತೆರೆದಿದ್ದಾಗಲೇ ಲವಂಗದ ವಾಸನೆಯ ಔಷಧ ಅದ್ದಿದ ಹತ್ತಿಯನ್ನು ಹಲ್ಲಿನ ತೂತಿಗೆ ಹೇಗೆ ಇಟ್ಟಿದ್ದಳೋ ನನಗೂ ತಿಳಿಯಲಿಲ್ಲ. ಅಂದು ಮಗು ಎರಡೂ ಕಡೆ ಅಗಿದು ಊಟ ಮಾಡಿತು.

ಈಗ ಎರಡು ದಿನ ಗೊತ್ತಾಗಿವೆ. ಇಪ್ಪತ್ತನೇ ತಾರೀಕು ಸೋಮವಾರ ಉಳಿಸುವವಳು, ಮಂಗಳವಾರ ಕೀಳುವವನು. ಒಬ್ಬ ನಗಿಸಿ ಕೀಳುತ್ತಾನೆ, ಇನ್ನೊಬ್ಬಳು ಅಳಿಸಿಯಾದರೂ ಉಳಿಸುತ್ತಾಳೆ. ಬಾಯಿ ನೆನಾಳದು, ಮಗಳು ನಿನ್ನವಳು. ನಾನು ಬರೀ ಟೋಪಿ ಹಿಡಿದುಕೊಂಡು ನಿಲ್ಲುವವನು. ನಿನ್ನಮ್ಮ ಆಶೀರ್ವಾದ ತಿಳಿಸಿದ್ದಾಳೆ, ನನಗೆ ತಿಳಿಸಿಲ್ಲ. ಯಾಸೆನ್ ನಿನಗೆ ಮುತ್ತು ಕೊಡುತ್ತಾನೆ, ಜ್ಯಾಮು ಅಂಟಿದ್ದು, ಕಾಗದದ ಮೂಲೆಯಲ್ಲಿ ಇದೆ ನೋಡು. ದೇವರು ನಿನ್ನ ಕೈಕಾಲು ಗಟ್ಟಿ ಇಟ್ಟಿರಲಿ, ಉಳಿದದ್ದನ್ನು ನಾನು ತಮಾಷೆ ಮಾಡಿಕೊಂಡು ನೋಡಿಕೊಳ್ಳುತ್ತೇನೆ.

ನಿನ್ನ ಅಪ್ಪ,
ಗೆಂಚೊ

ತಾ.ಕ.: ಲಕೋಟೆ ಅಂಟಿಸುವ ಮೊದಲು ಮುಖ್ಯವಾದದ್ದು. ಬಾಗಿಲ ಹತ್ತಿರ ಹೋದ ಮೇಲೆ ನೆನಾ ಕೋಟಿನಿಂದ ತಲೆ ಹೊರಗೆ ಹಾಕಿ, ಬಾಯಿ ತೆಗೆಯಲು ಒಪ್ಪಿಕೊಂಡಳು. ಒಂದು ಷರತ್ತಿನ ಮೇಲೆ. "ಮೊದ್ಲು ಅಮ್ಮ ಆ ಕುರ್ಚೀಲಿ ಕೂತ್ಕೊಳ್ಳಲಿ. ಅವಳು ಸಾಯ್ದಿದ್ರೆ ಆಮೇಲೆ ನಾನು." ವಾರ್ಬಾನೊವಾ ತಕ್ಷಣ, "ನ್ಯಾಯವಾಗಿದೆ" ಅಂದಳು. ಅಷ್ಟು ಬೇಗ ಅಂದದ್ದು ನೋಡಿದರೆ ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರೋ ಏನೋ ಎಂದು ನನಗೆ ಅನುಮಾನ. ನನ್ನ ಕೈವಾಡ ಇಲ್ಲ, ನಿನ್ನಮ್ಮನ ಆಣೆ. ಹತ್ತಿಯ ಔಷಧ ಆ ಸೋಮವಾರದ ತನಕ ಮಾತ್ರ ತಡೆಯುತ್ತದಂತೆ. ಒಂದು ದಿನ ರಜೆ ಕೇಳು, ಭಾನುವಾರದ ಬಸ್ಸು ಹತ್ತು. ಬರುವಾಗ ಏನೂ ತರಬೇಡ, ಬಾಯಲ್ಲಿ ಉಳಿದಿರುವ ಹಲ್ಲುಗಳನ್ನಷ್ಟೇ ತಾ.