ಅಂಗಿತೋಳಿನಲ್ಲಿ ಬಚ್ಚಿಟ್ಟ ರೊಟ್ಟಿ

ಇಸ್ತರವ್ಶಾನ್,
ಅಕ್ಟೋಬರ್ 14

ನನ್ನ ಮುದ್ದು ಮೊಹಿರಾ,

ಹೇಗಿದ್ದೀ ಮಗಳೇ? ಯೆಕತೆರಿನ್‌ಬುರ್ಗ್‌ನಲ್ಲಿ ಆಗಲೇ ಹಿಮ ಬಿದ್ದಿದೆಯಂತೆ, ಕಿವಿ ಮುಚ್ಚಿಕೊಂಡು ಓಡಾಡು. ಕೆಲಸದ ಜಾಗದಲ್ಲಿ ಮತ್ತೆ ತಲೆ ತಿರುಗಿ ಬಿದ್ದೆಯಂತೆ, ಆರು ತಿಂಗಳು ಕಬ್ಬಿಣದ ಮಾತ್ರೆ ನುಂಗಿದರೂ ರಕ್ತ ಏರಲಿಲ್ಲವಂತೆ. ಇದನ್ನು ಅಳಿಯ ಹೇಳಿದ, ನೀನು ಹೇಳಲಿಲ್ಲ. ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ಫೋನಿನಲ್ಲಿ ಮಾತಾಡೋಣವೆಂದರೆ ನಿಮ್ಮಮ್ಮ ಪಕ್ಕದಲ್ಲೇ ಕೂತು ನನ್ನ ಒಂದೊಂದು ಮಾತನ್ನೂ ತಿದ್ದುತ್ತಾಳೆ. ಅದಕ್ಕೇ ಈ ಕಾಗದ. ಲಾರಿ ಓಡಿಸುವ ಫೈಜಾಲಿಯ ಕೈಯಲ್ಲಿ ಕಳಿಸುತ್ತಿದ್ದೇನೆ.

ನನ್ನ ಹೊಟ್ಟೆಯ ಕಥೆ ನಿನಗೆ ಅರ್ಧವೇ ಗೊತ್ತು. ಎರಡು ವರ್ಷದಿಂದ ಉಂಡರೆ ಸಾಕು, ಹೊಟ್ಟೆ ಉಬ್ಬರ, ಭೇದಿ, ಸುಸ್ತು. ಪಕ್ಕದ ಮನೆಯ ಟೀಚರಮ್ಮ "ಉಸ್ತಾದ್, ಗೋಧೀನೇ ನಿಮಗೆ ಒಗ್ತಿಲ್ವೇನೋ, ಸ್ವಲ್ಪ ದಿನ ಬಿಟ್ಟು ನೋಡಿ" ಅಂದಳು. ನಲವತ್ತು ವರ್ಷ ಗೋಧಿ ರೊಟ್ಟಿ ಬೇಯಿಸಿ ತಂದೂರಿನೊಳಗೆ ಕೈ ಸುಟ್ಟುಕೊಂಡವನಿಗೆ ಹೇಳುವ ಮಾತೇ ಅದು? ಸಿಟ್ಟು ಬಂತು. ಆದರೂ ಗುಟ್ಟಾಗಿ ಬಿಟ್ಟೆ, ಹೊಟ್ಟೆ ತಣ್ಣಗಾಯಿತು.

ಆದರೆ ರೊಟ್ಟಿ ಸುಡುವವನೇ ರೊಟ್ಟಿ ಮುಟ್ಟುವುದಿಲ್ಲ ಎಂದರೆ ಬಜಾರು ಸುಮ್ಮನಿರುತ್ತದೆಯೇ? "ಹಿಟ್ಟಿಗೆ ಏನೋ ಬೆರೆಸ್ತಾನೆ, ಅದಕ್ಕೇ ತಾನು ತಿನ್ನಲ್ಲ" ಎಂದುಬಿಡುತ್ತಾರೆ. ನಮ್ಮ ಬೀದಿಯ ಶೋದಿಯ ಮಗನ ಮದುವೆಯಲ್ಲಿ, ಹಿರಿಯನೆಂದು ರೊಟ್ಟಿ ಮುರಿಯಲು ನನ್ನನ್ನೇ ಕೂರಿಸಿದರು. ಮುರಿದೆ, ಹಂಚಿದೆ, ನನ್ನ ತುಂಡನ್ನು ಮೆಲ್ಲಗೆ ಅಂಗಿತೋಳಿನೊಳಗೆ ಜಾರಿಸಿದೆ. ಆಗ ನೀನು ನೆನಪಾದೆ. ಏಳು ವರ್ಷದವಳಿದ್ದಾಗ ನೀನೂ ಹೀಗೇ ರೊಟ್ಟಿ ಚೂರು ಬಚ್ಚಿಟ್ಟು ಸಿಕ್ಕಿಬಿದ್ದಿದ್ದೆ. "ಹೊಟ್ಟೆ ನೋಯತ್ತಪ್ಪಾ" ಅಂದೆ. "ರೊಟ್ಟಿಗೆ ಅವಮಾನ ಮಾಡ್ತೀಯಾ" ಎಂದು ಕೆನ್ನೆಗೆ ಬಾರಿಸಿ, ಎದುರಿಗೇ ಕೂತು ಆ ಚೂರನ್ನು ತಿನ್ನಿಸಿದ್ದೆ. ಮದುವೆಮನೆಯ ಪಲಾವನ್ನು ಹಾಗೇ ಬಿಟ್ಟು ಎದ್ದು ಬಂದೆ.

ಗೋಧಿ ಬಿಟ್ಟು ಮೂರು ತಿಂಗಳಾದ ಮೇಲೆ, ಇದೇನೆಂದು ಖಚಿತವಾಗಿ ತಿಳಿಯಲು ಖುಜಂದಿನ ಆಸ್ಪತ್ರೆಗೆ ಹೋಗಿ ಡಾಕ್ಟರಮ್ಮನ ಹತ್ತಿರ ರಕ್ತ ಪರೀಕ್ಷೆ ಮಾಡಿಸಿದೆ. ಏನೂ ಇಲ್ಲವೆಂದು ಬಂತು. ಅಷ್ಟು ದಿನದಿಂದ ಗೋಧಿ ಮುಟ್ಟಿಲ್ಲ ಎಂದು ಜಂಬದಿಂದ ಹೇಳಿದೆ. ಆಕೆ ಪೆನ್ನು ಕೆಳಗಿಟ್ಟಳು. "ಅಜ್ಜಾ, ಕಳ್ಳನ್ನ ಓಡಿಸಿಬಿಟ್ಟು ಪೊಲೀಸ್ರನ್ನ ಕರೆದ್ರೆ ಅವರು ಯಾರನ್ನ ಹಿಡೀಬೇಕು?" ಗೋಧಿ ತಿನ್ನುತ್ತಿದ್ದರೆ ಮಾತ್ರ ಪರೀಕ್ಷೆಯಲ್ಲಿ ಸರಿಯಾಗಿ ಗೊತ್ತಾಗುವುದಂತೆ. ಆರು ವಾರ ದಿನವೂ ರೊಟ್ಟಿ ತಿಂದು ಬಾ ಎಂದು ಕಳಿಸಿದಳು. ನಿಮ್ಮಮ್ಮನಿಗೆ ಹಬ್ಬ, ಬಿಸಿಬಿಸಿ ತಂದು ಮುಂದಿಟ್ಟಳು. ಮೂರನೆಯ ವಾರ ನಾನು ಹೊಟ್ಟೆ ಹಿಡಿದು ಮುದುಡಿ ಬಿದ್ದದ್ದು ನೋಡಿ "ಸಾಕು ಬಿಡ್ರೀ, ಆ ರಿಪೋರ್ಟು ಯಾರಿಗೆ ಬೇಕು" ಎಂದು ಅತ್ತಳು. ನನಗೆ ಬೇಕಿತ್ತು. ಆರೂ ವಾರ ತಿಂದೆ.

ಮತ್ತೆ ರಕ್ತ ನೋಡಿದರು, ಬಾಯಿಯಿಂದ ಕೊಳವೆ ಇಳಿಸಿ ಕರುಳಿನ ಚೂರು ತೆಗೆದು ನೋಡಿದರು. ಸೀಲಿಯಾಕ್ ಅಂತೆ. ಗೋಧಿಯಲ್ಲಿರುವ ಗ್ಲೂಟೆನ್ನಿನಿಂದ ನನ್ನ ಕರುಳು ಸವೆದಿದೆ. ಔಷಧಿ ಎಂದರೆ ಸಾಯುವವರೆಗೂ ಅದನ್ನು ಬಿಡುವುದೊಂದೇ. ಹಿಟ್ಟಿನ ಧೂಳೂ ಬೇಡವಂತೆ, ತಂದೂರನ್ನು ನಿನ್ನ ಚಿಕ್ಕಪ್ಪನಿಗೆ ಬಿಟ್ಟೆ. ದೋಷ ರೊಟ್ಟಿಯದಲ್ಲ, ನನ್ನ ಕರುಳಿನದು ಎಂದು ಬಜಾರಿಗೆ ನಾನೇ ಹೇಳಿದೆ. ಕೆಲವರು ನಕ್ಕರು. ರೊಟ್ಟಿ ಮಾತ್ರ ಮಾಮೂಲಿನಂತೆ ಖರ್ಚಾಗುತ್ತಿದೆ.

ಅಳಿಯನಿಗೆ ನನ್ನ ಸಲಾಂ ಹೇಳು. ದೇವರು ನಿಮ್ಮಿಬ್ಬರನ್ನೂ ಬೆಚ್ಚಗಿಟ್ಟಿರಲಿ.

ನಿನ್ನ ಅಪ್ಪ,
ಹೋಶಿಮ್

ಇನ್ನೊಂದು ಮಾತು. ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಈ ಕಾಯಿಲೆ ಅಪ್ಪನಿಂದ ಮಕ್ಕಳಿಗೂ ಬರಬಹುದಂತೆ, ಮಕ್ಕಳಿಗೂ ಪರೀಕ್ಷೆ ಮಾಡಿಸಿ ಎಂದಳು ಡಾಕ್ಟರಮ್ಮ. ರಕ್ತ ಏರದಿರುವುದಕ್ಕೂ ಇದು ಕಾರಣವಿರಬಹುದಂತೆ. ನಿನಗೂ ಇದೆ ಎಂದು ನಾನು ಹೇಳಲಾರೆ, ಅದನ್ನು ಡಾಕ್ಟರೇ ಹೇಳಬೇಕು. ಕಾಗದ ಕೈಸೇರಿದ ದಿನವೇ ಹೋಗು, ಅಪ್ಪನಿಗೆ ಸೀಲಿಯಾಕ್ ಇದೆ ಎಂದು ಹೇಳು. ಅವತ್ತು ನಿನ್ನನ್ನು ಹೊಡೆದದ್ದು ನನ್ನ ತಪ್ಪು, ಮಗಳೇ. ಪರೀಕ್ಷೆ ಮುಗಿಯುವವರೆಗೆ ಮಾತ್ರ ರೊಟ್ಟಿ ಬಿಡಬೇಡ. ನಾನು ನಿನಗೆ ರೊಟ್ಟಿ ತಿನ್ನು ಎನ್ನುವುದು ಇದೇ ಕೊನೆಯ ಸಲ. ನೋವಾದರೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡು. ಈ ಸಲ ನಿನ್ನ ಮಾತು ನಂಬುತ್ತೇನೆ.