ನೀನು ಬಿಟ್ಟುಹೋದ ಭಾರದ ಬುಟ್ಟಿ

ಪೊರ್ಸೆಯಾ,
ಮಾರ್ಚ್ ೧೪, ಗುರುವಾರ

ಪ್ರೀತಿಯ ಬಿನ್ಸಾರಣ್ಣನಿಗೆ, ತಂಗಿ ತಿಯೊಮಿನಳ ವಂದನೆಗಳು.

ಗಂಟಲು ಹೇಗಿದೆ? ಕಳೆದ ಶನಿವಾರ ಮೂರು ತಾಸು ಕೂಗಿದ ಗಂಟಲು ಅದು, ಶುಂಠಿ ಕಷಾಯ ಕುಡಿ. ಅತ್ತಿಗೆಯ ಮಂಡಿನೋವು ಇಳಿಯಿತೇ? ಮೂರು ಸಲ ಫೋನು ಮಾಡಿದೆ. ನಿನ್ನ ಸಹಾಯಕಿ ಮೂರು ಸಲವೂ "ಅಯ್ಯನವರು ಪ್ರಾರ್ಥನೆಯಲ್ಲಿದ್ದಾರೆ" ಅಂದಳು. ಇಷ್ಟು ಪ್ರಾರ್ಥಿಸುವವನ ಮಂಡಿ ನೆಟ್ಟಗಿದ್ದು ಪಾಪ ಅತ್ತಿಗೆಯ ಮಂಡಿ ಸವೆದದ್ದು ಹೇಗೋ ಕಾಣೆ. ಅದಕ್ಕೇ ಈ ಪತ್ರವನ್ನು ನಿಮ್ಮೂರು ಮೇದಾನಿಗೆ ಬರುವ ಬಸ್ಸಿನ ಚಾಲಕನ ಕೈಗೆ ಕೊಡುತ್ತಿದ್ದೇನೆ. ನಿನ್ನ ಕೈಗೇ ಕೊಟ್ಟು ಬರಬೇಕೆಂದು ಹೇಳಿದ್ದೇನೆ.

ನಮ್ಮೂರಲ್ಲಿ ನಡೆದ ನಿನ್ನ ಸಭೆಗೆ ನಾನೂ ಬಂದಿದ್ದೆ, ಗೊತ್ತಾ? ಕೊನೆಯ ಸಾಲಿನಲ್ಲಿ, ಕಂಬದ ಹಿಂದೆ. ಸರೋವರದ ಸುತ್ತಲಿನ ಚರ್ಚ್ ಶಾಲೆಗಳ ನೂರ ನಲವತ್ತು ಶಿಕ್ಷಕರನ್ನು ರಜೆಯ ದಿನ ಎಳೆದು ತಂದು, ಹಳದಿ ಅಂಗಿ ತೊಡಿಸಿ, "ದಣಿದ ಗುರುವಿಗೆ ದೇವರ ಬಲ" ಎಂದು ಬರೆದ ಬಟ್ಟೆ ಕಟ್ಟಿ ಕೂರಿಸಿದ್ದರು. "ನೀವು ಬಡ ಮೇಷ್ಟ್ರಲ್ಲ, ರಾಜಾಧಿರಾಜನ ರಾಯಭಾರಿಗಳು! ಪಕ್ಕದವರಿಗೆ ಹೇಳಿ!" ಅಂದೆ. ನನ್ನ ಪಕ್ಕದಲ್ಲಿದ್ದವರು ನಿವೃತ್ತಿಗೆ ಎರಡು ತಿಂಗಳಿದ್ದ ಗಣಿತದ ಮೇಷ್ಟ್ರು. ಅವರು ನನ್ನ ಮುಖ ನೋಡಿ, "ರಾಯಭಾರಿಗಳೇ, ಮಧ್ಯಾಹ್ನದ ಊಟ ಎಷ್ಟೊತ್ತಿಗಂತೆ?" ಅಂದರು. ಅಲ್ಲಿಯವರೆಗೆ ನನಗೆ ನಗುವೇ ಬರುತ್ತಿತ್ತು.

ಆಮೇಲೆ ನೀನು ಅಮ್ಮನ ಕಥೆ ಎತ್ತಿಕೊಂಡೆ. ಹೊಟ್ಟೆಯೊಳಗೆ ಗೆಡ್ಡೆ ಇದ್ದರೂ ಒಂದು ದಿನ ರಜೆ ಹಾಕದ ಅಮ್ಮ, ಕರಿಹಲಗೆಯ ಮುಂದೆ ಕೀರ್ತನೆ ಹಾಡುತ್ತಾ, ಕೈಯಲ್ಲಿ ಸೀಮೆಸುಣ್ಣ ಹಿಡಿದೇ ನಗುನಗುತ್ತಾ ಕಣ್ಣುಮುಚ್ಚಿದ ಅಮ್ಮ. ಸಭೆಗೆ ಸಭೆಯೇ ಅತ್ತಿತು. ನೀನೂ ಕರವಸ್ತ್ರ ತೆಗೆದೆ. ಯಾರಮ್ಮ ಅಣ್ಣಾ ಅವಳು? ನಮ್ಮಮ್ಮ ಸತ್ತದ್ದು ಅಡುಗೆಮನೆಯ ಚಾಪೆಯ ಮೇಲೆ, ಹನ್ನೊಂದು ದಿನ ನರಳಿ. ನೀನಾಗ ಸಿಯಾಂತಾರಿನ ಪಾದ್ರಿಗಳ ಕಾಲೇಜಿನಲ್ಲಿ ದೇವರ ವಿಷಯ ಓದುತ್ತಿದ್ದೆ. ಬಂದದ್ದು ಮಣ್ಣಿಗೆ. ಅಮ್ಮ ಮೂರು ಸಲ ರಜೆ ಕೇಳಿದ್ದಳು. "ಪರೀಕ್ಷೆ ಮುಗೀಲಿ ತಾಯಿ, ದೇವರು ಬಲ ಕೊಡ್ತಾನೆ" ಎಂದು ಶಾಲೆಯ ಹಿರಿಯರು ಮೂರು ಸಲವೂ ತಿರುಗಿಸಿ ಕಳಿಸಿದರು. ಪರೀಕ್ಷೆ ಮುಗಿಯುವಷ್ಟರಲ್ಲಿ ಕೊಯ್ದು ತೆಗೆಯುವ ಹಂತ ದಾಟಿತ್ತು. ಕೊನೆಗೆ ಅವಳು ಕೀರ್ತನೆ ಹಾಡಲಿಲ್ಲ. "ನಾನು ಅಷ್ಟು ಒಳ್ಳೆಯವಳಾಗಬಾರದಿತ್ತು ಕಣೇ" ಅಂದಳು. ಅವಳಿಗೆ ನಂಬಿಕೆ ಇರಲಿಲ್ಲವೆಂದಲ್ಲ. ದಿನಾ ಬೆಳಿಗ್ಗೆ ಒಲೆಯ ಮುಂದೆ ಹಾಜರಿ ಪುಸ್ತಕ ಬಿಚ್ಚಿ, ಒಂದೊಂದು ಮಗುವಿನ ಹೆಸರಿಗೂ ನಿಂತು ನಿಂತು ಪ್ರಾರ್ಥಿಸುತ್ತಿದ್ದಳು. ಅದನ್ನು ಹೇಳಿದ್ದರೆ ಯಾರೂ ಚಪ್ಪಾಳೆ ತಟ್ಟುತ್ತಿರಲಿಲ್ಲ, ಅಲ್ಲವೇ?

ಕಥೆ ಮುಗಿಸಿ, "ನಿಮ್ಮ ಭಾರವನ್ನೆಲ್ಲ ಚೀಟೀಲಿ ಬರೆದು ಈ ಬುಟ್ಟಿಗೆ ಹಾಕಿ. ನಾನೇ ಹೊತ್ಕೊಂಡು ಹೋಗಿ ಒಂದೊಂದಕ್ಕೂ ಮೊಣಕಾಲೂರ್ತೀನಿ" ಅಂದೆ. ಮುಂದೆ ಬಂದವರಲ್ಲಿ ಬಿಳಿಚಿಕೊಂಡ ಒಬ್ಬ ಹುಡುಗಿಯ ತಲೆಯ ಮೇಲೆ ಕೈಯಿಟ್ಟೆ, ನೆನಪಿದೆಯೇ? ಇರಲಾರದು. ಅವಳು ಲಾಸ್ಮಾ, ನಮ್ಮ ಶಾಲೆಯ ಆರನೇ ತರಗತಿಯ ಶಿಕ್ಷಕಿ. ಗರ್ಭಕೋಶದಲ್ಲಿ ಗೆಡ್ಡೆ, ತಿಂಗಳುಗಟ್ಟಲೆ ರಕ್ತಸ್ರಾವ. ತಕ್ಷಣ ಮೇದಾನಿನ ದೊಡ್ಡಾಸ್ಪತ್ರೆಗೆ ಹೋಗೆಂದು ಇಲ್ಲಿಯ ವೈದ್ಯರು ಬರೆದುಕೊಟ್ಟಿದ್ದ ಚೀಟಿಯನ್ನೇ ಅವಳು ನಾಲ್ಕು ಚೂರು ಮಾಡಿ ನಿನ್ನ ಬುಟ್ಟಿಗೆ ಹಾಕಿದಳು.

ಸೋಮವಾರ ಎರಡನೇ ಪಾಠದ ಹೊತ್ತಿಗೆ ಮಕ್ಕಳು ಕಿರುಚಿಕೊಂಡು ನನ್ನ ತರಗತಿಗೆ ಓಡಿಬಂದರು. ಹೋಗಿ ನೋಡಿದರೆ ಲಾಸ್ಮಾ ಮೇಜಿನ ಪಕ್ಕ ಬಿದ್ದಿದ್ದಳು. ಕುರ್ಚಿಯೆಲ್ಲ ರಕ್ತ. ಎಚ್ಚರವಾದ ಮೇಲೆ ನನ್ನ ಕೈ ಹಿಡಿದು, "ಅಕ್ಕಾ, ನಿಮ್ಮಮ್ಮ ಸೀಮೆಸುಣ್ಣ ಹಿಡ್ಕೊಂಡೇ ಹೋದ್ರಂತಲ್ಲ. ನಾನು ಇಷ್ಟಕ್ಕೇ ರಜ ಕೇಳಿದ್ರೆ ದೇವರು ಏನಂದ್ಕೋತಾನೆ?" ಅಂದಳು. ಅಣ್ಣಾ, ಆ ಗಳಿಗೆಯಲ್ಲಿ ನೀನು ಎದುರಿಗಿದ್ದಿದ್ದರೆ ಕುರ್ಚಿ ಒರೆಸಿದ ಬಟ್ಟೆಯನ್ನು ನಿನ್ನ ಮುಖಕ್ಕೆ ಹಿಂಡುತ್ತಿದ್ದೆ. "ಅದು ಸುಳ್ಳು ಕಣೇ. ಅಮ್ಮ ಹೋಗುವಾಗ ಪಕ್ಕದಲ್ಲಿದ್ದವಳು ನಾನು" ಎಂದು ಅವಳಿಗೆ ಎಲ್ಲವನ್ನೂ ಹೇಳಿದೆ. ಕೇಳಿ ಅವಳು ಅಳಲಿಲ್ಲ. "ಹಾಗಾದ್ರೆ ನಾನು ಹೋಗಬಹುದಾ?" ಅಂದಳು. ಮೂವತ್ತೊಂದು ವರ್ಷದವಳು, ಮಗುವಿನ ಹಾಗೆ ಅನುಮತಿ ಕೇಳಿದಳು!

ಮುಖ್ಯೋಪಾಧ್ಯಾಯರು, "ಮುಂದಿನ ವಾರವೇ ಪರೀಕ್ಷೆ ಅಲ್ವಾ, ಆಮೇಲೆ ಹೋದ್ರೆ..." ಎಂದು ರಾಗ ಎಳೆದರು. "ಆ ಮಾತು ನಮ್ಮನೇಲಿ ಒಂದು ಹೆಣ ಬೀಳಿಸಿದೆ ಸಾರ್. ಆರನೇ ತರಗತಿ ನಾನು ನೋಡ್ಕೋತೀನಿ" ಅಂದೆ. ರಜೆಯ ಅರ್ಜಿಗೆ ಸಹಿ ಹಾಕಿದರು. ಸಭಾಂಗಣಕ್ಕೆ ಹೋದರೆ ನಿನ್ನ ಬುಟ್ಟಿ ಮೇಜಿನ ಕೆಳಗೇ ಇತ್ತು, ಮೇಲೆ ಎರಡು ಬಾಳೆಹಣ್ಣಿನ ಸಿಪ್ಪೆ. ನಮ್ಮ ಭಾರ ಹೊರುವುದು ಹಾಗಿರಲಿ, ಬುಟ್ಟಿಯನ್ನೂ ಹೊರಲಿಲ್ಲ ನೀನು! ಹಿರಿಯರ ಮನೆಯಲ್ಲಿ ಮೀನು ತಿಂದು, ಕಾರು ಹತ್ತಿ ಹೋದೆ. ಅಮ್ಮನ ಸಮಾಧಿ ಅಲ್ಲಿಂದ ಕೂಗಳತೆಯಲ್ಲಿದೆ.

ಲಾಸ್ಮಾಳ ಚೀಟಿಯ ಚೂರುಗಳನ್ನು ಹುಡುಕಿ, ಅನ್ನದ ಅಗುಳಿನಿಂದ ಅಂಟಿಸಿಕೊಟ್ಟೆ. ನಿನ್ನೆ ಅವಳು ಗಂಡನ ಜೊತೆ ಮೇದಾನಿಗೆ ಹೋದಳು. ಉಳಿದ ಚೀಟಿಗಳನ್ನು ನಾವು ಎಂಟು ಶಿಕ್ಷಕಿಯರು ಹಂಚಿಕೊಂಡೆವು. ಒಂದರಲ್ಲಿ "ನನ್ನ ತರಗತಿಯ ಮೂವರಿಗೆ ಇನ್ನೂ ಓದಲು ಬರುವುದಿಲ್ಲ, ಹೇಳಿಕೊಳ್ಳಲು ನಾಚಿಕೆ" ಎಂದಿತ್ತು. ಅಕ್ಷರ ನೋಡಿಯೇ ಯಾರೆಂದು ತಿಳಿಯಿತು. ಈಗ ಶಾಲೆ ಬಿಟ್ಟ ಮೇಲೆ ಆ ಮೂವರೂ ನನ್ನ ಹತ್ತಿರ ಕೂರುತ್ತಾರೆ. ಬೆಳಿಗ್ಗೆ ಎರಡು ತರಗತಿಯ ಎಪ್ಪತ್ತೊಂದು ಹೆಸರು ಓದುವಷ್ಟರಲ್ಲಿ ಅನ್ನ ಸೀಯುತ್ತದೆ. ಆದರೂ ಓದುತ್ತೇನೆ. ದೇವರು ಕೇಳಿಸಿಕೊಳ್ಳುತ್ತಾನೆಂಬ ನಂಬಿಕೆ, ನಿನ್ನಂಥವರು ಅವನ ಹೆಸರಲ್ಲಿ ಇಷ್ಟು ಗದ್ದಲ ಮಾಡಿದ ಮೇಲೂ, ನನಗೆ ಉಳಿದಿದೆ.

ಅತ್ತಿಗೆಗೆ ನನ್ನ ಪ್ರೀತಿ, ಮಕ್ಕಳಿಗೆ ಮುತ್ತು. ದೇವರು ನಿನ್ನನ್ನು ರೋಗದಿಂದಲೂ ಚಪ್ಪಾಳೆಯಿಂದಲೂ ಕಾಯಲಿ.

ನಿನ್ನ ತಂಗಿ,
ತಿಯೊಮಿನ

ಮರೆಯುವ ಮುನ್ನ: ಬಸ್ಸು ಹಾರ್ನ್ ಹೊಡೆಯುತ್ತಿದೆ. ಆಸ್ಪತ್ರೆಯಿಂದ ಈಗತಾನೇ ಲಾಸ್ಮಾಳ ಗಂಡ ಫೋನು ಮಾಡಿದ್ದ. ಅವಳದು ಓ ನೆಗೆಟಿವ್. ಊರೆಲ್ಲ ಹುಡುಕಿದರೂ ಆ ರಕ್ತ ಸಿಗುತ್ತಿಲ್ಲ, ಸಿಗದೆ ಕೊಯ್ಯುವುದಿಲ್ಲವಂತೆ. ನಮ್ಮ ಮನೆಯಲ್ಲಿ ಅದು ಇರುವುದು ನಿನಗೊಬ್ಬನಿಗೇ. ನಾಳೆ ಬೆಳಿಗ್ಗೆ ಏಳಕ್ಕೆ ದೊಡ್ಡಾಸ್ಪತ್ರೆಯ ಎರಡನೇ ಮಹಡಿಗೆ ಹೋಗು. ಏನೂ ಹೇಳಬೇಡ, ತೋಳು ಚಾಚು ಸಾಕು. ಉಪವಾಸ ಪ್ರಾರ್ಥನೆ ಅಂತ ಶುರುಮಾಡಬೇಡ, ಹೊಟ್ಟೆತುಂಬ ತಿಂದು ಹೋಗು. ಖಾಲಿ ಹೊಟ್ಟೆಯವರ ರಕ್ತ ಅವರು ತೆಗೆಯುವುದಿಲ್ಲ.