ತಾತನ ತರಬೇತಿ

ಭಾನುವಾರ, ಬೆಳಿಗ್ಗೆ

ಪ್ರೀತಿಯ ಅಕ್ಕಾ,

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಚಿಕ್ಕವನಿಗೆ ಹಲ್ಲು ಬರುತ್ತಿದೆ. ಅವನು ಮಲಗಿದರೂ ನನಗೆ ನಿದ್ದೆಯಿಲ್ಲ, ಕಣ್ಣಿಗೆ ಮರಳು ಎರಚಿದ ಹಾಗಿದೆ. ನಿನ್ನ ಮಂಡಿನೋವು ಕಡಿಮೆಯಾಯಿತಾ?

ಪುಟ್ಟಿಯ ಈಜಿನ ಬಗ್ಗೆ ನೀನು ಕೇಳಿದ್ದೆ. ಅಭ್ಯಾಸದಲ್ಲಿ ಮೀನು, ಸ್ಪರ್ಧೆಯ ದಿನ ಕಲ್ಲು. ಸೀಟಿ ಕೇಳಿದರೆ ಕೈಕಾಲು ತಣ್ಣಗಾಗುತ್ತಿತ್ತು. "ಮೈಯಲ್ಲಿ ಏನೂ ಕೊರತೆಯಿಲ್ಲ, ಇರೋದು ಮನಸ್ಸಲ್ಲಿ. ನನಗೆ ಬಿಡು," ಎಂದರು ಅಪ್ಪ. ನಿನ್ನನ್ನು ಓಟದಲ್ಲಿ ಗೆಲ್ಲಿಸಿದವರಲ್ಲವೇ ಎಂದು ಒಪ್ಪಿದೆ. ಮೊದಲ ಆಜ್ಞೆ ನನಗೇ: "ಸ್ಪರ್ಧೆಗೆ ಮುಂಚೆ ಮುದ್ದು ಮಾಡ್ಬೇಡ. ಅಪ್ಪಿಕೊಂಡ್ರೆ ಮಕ್ಕಳು ಮೆತ್ತಗಾಗ್ತವೆ."

ಅವಳಿಗೆ ಅವರು ಏನು ಹೇಳುತ್ತಾರೆಂದು ನಿನ್ನೆ ಸೆಮಿಫೈನಲ್ಲಿಗೆ ಮುಂಚೆ ಕಿವಿಯಾರೆ ಕೇಳಿದೆ. ಈಜುಟೋಪಿ ಸರಿಮಾಡುವ ನೆಪದಲ್ಲಿ ಬಗ್ಗಿ, ನಗುನಗುತ್ತಲೇ: "ಸೋತ್ರೇನಂತೆ ಬಿಡು. ನಿಮ್ಮಮ್ಮಂಗೆ ನಿನ್ನ ತಮ್ಮ ಇದಾನಲ್ಲ."

ಪುಟ್ಟಿ ಗೆದ್ದಳು. ಪಕ್ಕದಲ್ಲಿ ಕೂತಿದ್ದ ತಾಯಿಯೊಬ್ಬಳು, "ನಿಮ್ಮ ತಂದೆ ಯಾವ ಮಂತ್ರ ಹಾಕಿದ್ರು ರೀ? ನಮ್ಮವನ ಕಿವೀಲೂ ಸ್ವಲ್ಪ ಊದೋಕೆ ಹೇಳಿ," ಎಂದಳು. ಬಟ್ಟೆ ಬದಲಿಸುವ ಕೋಣೆಗೆ ಹೋದರೆ ಮಗು ಮೂಲೆಯಲ್ಲಿ ಕೂತು ವಾಂತಿ ಮಾಡುತ್ತಿತ್ತು. ಕ್ಲೋರಿನ್, ಒದ್ದೆ ಟವೆಲು, ವಾಂತಿ, ಆ ನಾತ ಇನ್ನೂ ಮೂಗಿನಿಂದ ಹೋಗಿಲ್ಲ. ನಾನು ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿ ಏನು ಬಂತು ಹೇಳು!

ಕಾರಿನಲ್ಲಿ ಅಪ್ಪನನ್ನು ಕೇಳಿಯೇಬಿಟ್ಟೆ. ಹಿಂದಿನ ಸೀಟಿನಲ್ಲಿ ಪುಟ್ಟಿ ಕಣ್ಣು ಮುಚ್ಚಿಕೊಂಡಿದ್ದಳು.

"ಭಯಾನೇ ಪೆಟ್ರೋಲು ಕಣೇ. ನಿಮ್ಮಕ್ಕ ಒಂದಿನಾನಾದ್ರೂ ಅತ್ತಿದ್ಲಾ?" ಎನ್ನುತ್ತಾ ಸ್ಟೀರಿಂಗಿನ ಮೇಲೆ ಬೆರಳಲ್ಲಿ ತಾಳ ಹಾಕಿದರು. ಅಸಹ್ಯವಾಯಿತು ಅಕ್ಕಾ. ನನಗೆ ನಡೆಯಲು ಕಲಿಸಿದ ಆ ಬೆರಳುಗಳನ್ನು ನೋಡಿ ಮೈಮೇಲೆ ಹಲ್ಲಿ ಬಿದ್ದ ಹಾಗಾಯಿತು.

"ನಾಳೆ ಫೈನಲ್ಲಿಗೆ ನೀವು ಬರೋದು ಬೇಡ."

"ಸೋಲ್ತಾಳೆ ನೋಡು."

"ಸೋಲ್ಲಿ."

ನೀನು ಅಪ್ಪನಿಗೆ ಯಾಕೆ ಫೋನ್ ಮಾಡುವುದಿಲ್ಲವೆಂದು ಇನ್ನು ಮೇಲೆ ಕೇಳುವುದಿಲ್ಲ.

ಹೊರಡುವ ಹೊತ್ತಾಯಿತು. ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ಪುಟ್ಟಿ ಹಾಯಾಗಿ ಈಜಲಿ ಎಂದು ದೊಡ್ಡಮ್ಮನಾಗಿ ಹರಸು, ಅಷ್ಟು ಸಾಕು.

ನಿನ್ನ ತಂಗಿ

ತಾ.ಕ.: ಪುಟ್ಟಿ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ತಾತ ಬರುವುದಿಲ್ಲ ಎಂದು ಹೇಳಿ ಗಟ್ಟಿಯಾಗಿ ಅಪ್ಪಿಕೊಂಡೆ. ನನ್ನ ಕೈ ಬಿಡಿಸಿಕೊಂಡಳು. "ಬಿಡಮ್ಮಾ, ಮೆತ್ತಗಾಗ್ತೀನಿ. ತಾತ ತಮ್ಮನ ವಿಷಯ ಹೇಳ್ತಾರಲ್ಲ, ಅದನ್ನ ಇವತ್ತು ನೀನೇ ಹೇಳು."